ಸ್ಟ್ಯಾನಿಸ್ಲಾಸರ ಬಾವಿಯ ಬೆಲ್ಟು

ವರ್ಷಕ್ಕೆ ಎರಡು ಸಲ ಇನ್ನಂಜೆಗೆ ಹೋಗಲು ನನಗೆ ಕಾರಣ ಇತ್ತು. ಶಿವರಾತ್ರಿ ಕಳೆದ ಮೇಲೆ ಪಂಪನ್ನು ಬಾವಿಗೆ ಇಳಿಸುವುದು ಒಂದು, ಮೇ ತಿಂಗಳ ಕೊನೆಗೆ, ಜಾತ್ರೆ ಕೋಲಗಳು ಮುಗಿಯುವ ಪತ್ತನಾಜೆಯ ಹೊತ್ತಿಗೆ ಅದನ್ನು ಮೇಲೆತ್ತುವುದು ಇನ್ನೊಂದು. ಉಳಿದ ದಿನಗಳಲ್ಲಿ ನಾನು ಕಾಪುವಿನ ಪೇಟೆಯಲ್ಲಿ ಪಂಪು ರಿಪೇರಿ ಅಂಗಡಿ ನಡೆಸಿಕೊಂಡು, ಉಚ್ಚಿಲದ ಮನೆಯಲ್ಲಿ ಅಮ್ಮ ಹಾಕಿದ ಗಂಜಿ ಉಂಡು, ಎಲ್ಲರ ಹಾಗೆ ಬದುಕಿದ್ದೆ. ಆದರೆ ಬದುಕಿದ್ದೇನೆ ಎಂದು ನನಗೇ ಅನಿಸುತ್ತಿದ್ದದ್ದು ಆ ಎರಡು ದಿನ ಮಾತ್ರ. ಈಗ ತಲೆ ಅರ್ಧ ನರೆತಿದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಈ ಇಳಿಸುವ ಏರಿಸುವ ಸಂಗತಿ ಘಟ್ಟದ ಮೇಲಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಜುಲೈಯಲ್ಲಿ ಬಾವಿಯ ನೀರನ್ನು ಬಗ್ಗಿ ಕೈಯಲ್ಲಿ ಮೊಗೆಯಬಹುದು. ಏಪ್ರಿಲ್ ಬಂದರೆ ಅದೇ ನೀರು ಮೂವತ್ತೈದು ಅಡಿ ಕೆಳಗೆ ಬಿದ್ದಿರುತ್ತದೆ. ಪಂಪಿಗೆ ಅಷ್ಟು ಆಳದಿಂದ ನೀರು ತರಲು ಆಗುವುದಿಲ್ಲ. ಜನ ಪಂಪು ನೀರನ್ನು ಎಳೆಯುತ್ತದೆ ಎಂದುಕೊಂಡಿದ್ದಾರೆ. ಎಳೆಯುವುದಿಲ್ಲ. ಅದು ತನ್ನ ಒಳಗನ್ನು ಖಾಲಿ ಮಾಡಿಕೊಳ್ಳುತ್ತದೆ, ಅಷ್ಟೇ. ಹೊರಗಿನ ಗಾಳಿಯ ಭಾರ ನೀರನ್ನು ಆ ಖಾಲಿಗೆ ತಳ್ಳುತ್ತದೆ. ಮಣಿಪಾಲದ ಕಾಲೇಜು ಹುಡುಗರು ಒಮ್ಮೆ ಪ್ರಾಜೆಕ್ಟ್ ಎಂದು ನನ್ನ ಅಂಗಡಿಗೆ ಬಂದವರು, ಮೂವತ್ತನಾಲ್ಕು ಅಡಿಯವರೆಗೆ ಗಾಳಿ ತಳ್ಳುತ್ತದೆ ಎಂದು ಪುಸ್ತಕ ತೋರಿಸಿದರು. ಪುಸ್ತಕದ ಪೈಪಿನಲ್ಲಿ ತೂತಿಲ್ಲ, ಮಾರಾಯರೇ, ಇನ್ನಂಜೆಯ ಪೈಪಿನಲ್ಲಿ ಉಂಟು ಎಂದೆ. ನನ್ನ ಅನುಭವದಲ್ಲಿ ಇಪ್ಪತ್ತೆರಡು ಅಡಿಯ ಮೇಲೆ ನಂಬಬಾರದು. ಹಾಗಾಗಿ ಬೇಸಿಗೆಯಲ್ಲಿ ಪಂಪನ್ನು ಬಾವಿಯೊಳಗಿನ ಮೆಟ್ಟಿಗೆ, ಅಂದರೆ ಗೋಡೆಯಲ್ಲಿ ಕಡಿದ ಜಗಲಿಯಂಥ ಜಾಗಕ್ಕೆ ಇಳಿಸಬೇಕು. ಮಳೆ ಹಿಡಿಯುವ ಮೊದಲು ಮೇಲೆತ್ತಬೇಕು. ಮರೆತವರ ಪಂಪು ಮುಳುಗುತ್ತದೆ. ಪ್ರತಿ ಜೂನ್ ಮೊದಲ ವಾರ ನನ್ನ ಅಂಗಡಿಯ ಮುಂದೆ ಮುಳುಗಿದ ಪಂಪು ಹೊತ್ತು ನಿಲ್ಲುವವರನ್ನು ನಾನು ಚೆನ್ನಾಗಿ ಬಯ್ಯುತ್ತಿದ್ದೆ. ಬಯ್ಯುವುದು ನನಗೆ ಸುಲಭವಾಗಿ ಬರುತ್ತದೆ.

ಸ್ಟ್ಯಾನಿಸ್ಲಾಸರಿಗೆ ಮಾತ್ರ ಬಯ್ಯುವ ಸಂದರ್ಭ ಬರಲಿಲ್ಲ. ಅವರದು ಎಪ್ಪತ್ತು ಸೆಂಟ್ಸ್ ಜಾಗದಲ್ಲಿ ಶಂಕರಪುರ ಮಲ್ಲಿಗೆಯ ತೋಟ. ಆ ಗಿಡಗಳಿಗೆ ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೆ ಮೊಗ್ಗು ಸಣ್ಣದಾಗುತ್ತದೆ, ಎರಡು ದಿನ ತಪ್ಪಿದರೆ ಉದುರುತ್ತದೆ. ಮಾರ್ಚ್ ಬಂತೆಂದರೆ ಇನ್ನಂಜೆಯ ಕರೆಂಟು ಬಲ್ಬಿನ ತಂತಿಯನ್ನು ಕೆಂಪು ಮಾಡುವಷ್ಟೇ ಇರುತ್ತಿತ್ತು. ಆದ್ದರಿಂದ ಅವರು ತಮ್ಮ ಹಳೆಯ ಡೀಸೆಲ್ ಎಂಜಿನನ್ನು ಬಿಟ್ಟಿರಲಿಲ್ಲ. ಎಂಜಿನನ್ನು ಬಾವಿಯೊಳಗೆ ಇಳಿಸಿದರೆ ಹೊಗೆಯಿಂದ ಮನುಷ್ಯ ಸಾಯುತ್ತಾನೆ. ಅದು ಮೇಲೆಯೇ ಇರಬೇಕು, ಪಂಪು ಹದಿನೆಂಟು ಅಡಿ ಕೆಳಗೆ. ನಡುವೆ ಎಪ್ಪತ್ತು ಅಡಿಗಿಂತ ಉದ್ದದ ಚಪ್ಪಟೆ ಬೆಲ್ಟು, ಬಾವಿಕಟ್ಟೆಯ ಕಂಡಿಯೊಳಗಿಂದ ಓರೆಯಾಗಿ ಕೆಳಗೆ ಹೋಗಿ ಬರುತ್ತಿತ್ತು. ನನ್ನ ಗುರು ಚೆನ್ನಪ್ಪ ಮೇಸ್ತ್ರಿ ಕೂರಿಸಿದ ವ್ಯವಸ್ಥೆ ಅದು. ಅವರು ತೀರಿಕೊಂಡ ಮೇಲೆ ಆ ಬಾವಿ ನನಗೆ ಬಂತು.

ತೊಂಬತ್ತೇಳರ ಮಾರ್ಚಿನಲ್ಲಿ ಮೊದಲ ಸಲ ಒಬ್ಬನೇ ಹೋದಾಗ ನನಗೆ ಮೂವತ್ತೊಂದು. ಸ್ಟ್ಯಾನಿಸ್ಲಾಸರ ಹೆಂಡತಿ ಎರಡು ವರ್ಷ ಹಿಂದೆ ತೀರಿಹೋಗಿದ್ದರು. ಮಗ ಜೋನ್ ಬಹರೈನಿನಲ್ಲಿ. ಮನೆಯಲ್ಲಿದ್ದದ್ದು ಅವರು ಮತ್ತು ಮಗಳು ಝೀಟಾ. ನನಗಿಂತ ಎರಡೋ ಮೂರೋ ವರ್ಷಕ್ಕೆ ಚಿಕ್ಕವಳು. ನಾನು ಹಗ್ಗಕ್ಕೆ ಗಂಟು ಹಾಕುತ್ತಿದ್ದಾಗ ಬಂದು ಕಟ್ಟೆಗೆ ಒರಗಿ ನಿಂತಳು.

"ಬೆಲ್ಟನ್ನು ನೇರ ಕೆಳಗೆ ಬಿಡಬಹುದಲ್ವಾ? ಎಂಜಿನನ್ನು ಬಾವಿಯ ಅಂಚಿಗೆ ತಂದರೆ ಇಷ್ಟು ಉದ್ದ ಬೇಡವಿತ್ತು," ಎಂದಳು.

ಹದಿನೈದು ವರ್ಷದ ಕೆಲಸದಲ್ಲಿ ಯಾವ ಮನೆಯವರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಎಲ್ಲರೂ ಕೇಳುವುದು ಯಾವಾಗ ಮುಗಿಯುತ್ತದೆ ಎಂದು. ನಾನು ಹಗ್ಗ ಬಿಟ್ಟು ವಿವರಿಸಿದೆ. ನೇರ ಕೆಳಗೆ ಬಿಟ್ಟರೆ ಬೆಲ್ಟಿನ ಭಾರ ಪೂರ್ತಿ ಮೇಲಿನ ಪುಲ್ಲಿಯ ಮೇಲೆ ಕೂರುತ್ತದೆ, ಕೆಳಗಿನ ಪುಲ್ಲಿಯಲ್ಲಿ ಅದು ಜೋಲುತ್ತದೆ, ಹಿಡಿತವೇ ಇರುವುದಿಲ್ಲ. ಓರೆ ಇದ್ದರೆ ಸಡಿಲ ಇರುವ ಬದಿಯನ್ನು ಮೇಲೆ ಮಾಡಬಹುದು, ಅದು ತೂಗಿಕೊಂಡು ಪುಲ್ಲಿಯನ್ನು ಇನ್ನಷ್ಟು ಸುತ್ತಿ ಅಪ್ಪಿಕೊಳ್ಳುತ್ತದೆ. ಅಪ್ಪಿಕೊಳ್ಳುತ್ತದೆ ಎಂಬ ಶಬ್ದ ಬಾಯಿಂದ ಬಂದ ಮೇಲೆ ನನಗೆ ಸಂಕೋಚವಾಯಿತು. ಅವಳು ಗಮನಿಸಿದ ಹಾಗೆ ಕಾಣಲಿಲ್ಲ.

"ಅಂದರೆ ಸ್ವಲ್ಪ ಸಡಿಲ ಇರುವುದು ಒಳ್ಳೆಯದು."

"ಸ್ವಲ್ಪ. ಬಿಗಿ ಹೆಚ್ಚಾದರೆ ಬೇರಿಂಗು ಹೋಗ್ತದೆ. ಕಡಿಮೆಯಾದರೆ ಜಾರ್ತದೆ. ಜಾರಿದಾಗ ಕೆಲವರು ಬೆಲ್ಟಿಗೆ ಬೆಲ್ಲ ಹಚ್ಚುತ್ತಾರೆ."

"ಬೆಲ್ಲ ಹಚ್ಚಿದರೆ ಸರಿಯಾಗ್ತದಾ?"

"ಇರುವೆ ಬರ್ತದೆ."

ಅವಳು ನಕ್ಕಳು. ಅಲ್ಲಿಂದ ನನ್ನ ಕಥೆ ಕೆಟ್ಟಿತು.

ಒಂದು ಮಾತು ಹೇಳಬೇಕು. ಅವರ ಮನೆಯಲ್ಲಿ ಕೊಂಕಣಿ, ನನ್ನ ಮನೆಯಲ್ಲಿ ತುಳು. ಸ್ಟ್ಯಾನಿಸ್ಲಾಸರೂ ನಾನೂ ತುಳುವಿನಲ್ಲೇ ಮಾತಾಡುತ್ತಿದ್ದೆವು. ಝೀಟಾಳಿಗೂ ತುಳು ನೀರಿನ ಹಾಗೆ ಬರುತ್ತಿತ್ತು, ಹೂ ಕೊಳ್ಳುವವರ ಹತ್ತಿರ ಅವಳು ತುಳುವಿನಲ್ಲಿ ಜಗಳವಾಡುವುದನ್ನು ನಾನೇ ಕೇಳಿದ್ದೇನೆ. ಆದರೆ ಆ ಮೊದಲ ದಿನ ನನ್ನ ಹತ್ತಿರ ಕನ್ನಡದಲ್ಲಿ ಸುರುಮಾಡಿದವಳು ಕೊನೆಯವರೆಗೂ ಕನ್ನಡವನ್ನೇ ಆಡಿದಳು. ಶಾಲೆಯಲ್ಲಿ ಕಲಿತ ಶುದ್ಧ ಕನ್ನಡ, 'ನೀವು' ಎಂಬ ಕನ್ನಡ. ತುಳುವಿನಲ್ಲಿ ನಾನು ಎಲ್ಲರಿಗೂ ಸೇರಿದವನು. ಕನ್ನಡದಲ್ಲಿ ಅವಳೊಬ್ಬಳ ಜೊತೆಗಿದ್ದೆ.

ಆಮೇಲಿನ ವರ್ಷಗಳಲ್ಲಿ ಅವಳು ಕೆಲಸ ಕಲಿತಳು. ಕಲಿಸಿದ್ದು ನಾನೇ. ಪಂಪಿಗೆ ಮೊದಲು ನೀರು ತುಂಬಿಸಿ ಗಾಳಿ ತೆಗೆಯುವುದು, ತಳದ ವಾಲ್ವಿನಲ್ಲಿ ಕಸ ಸಿಕ್ಕಿದೆಯೇ ನೋಡುವುದು, ಎಂಜಿನಿನ ಪುಲ್ಲಿ ಒಂದು ಸುತ್ತು ಬಂದರೆ ಅದರ ಅರ್ಧ ಗಾತ್ರದ ಪಂಪಿನ ಪುಲ್ಲಿ ಯಾಕೆ ಎರಡು ಸುತ್ತು ಬರಬೇಕು, ಬಂದರೂ ಎರಡಕ್ಕೆ ಸ್ವಲ್ಪ ಕಡಿಮೆ ಯಾಕೆ ಬರುತ್ತದೆ ಎನ್ನುವುದು. ಎರಡು ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂದು ದಾರ ಹಿಡಿದು ನೋಡುವುದನ್ನೂ ತೋರಿಸಿದೆ. ದಾರ ಎಂಜಿನಿನ ಪುಲ್ಲಿಯ ಮುಖಕ್ಕೆ ಎರಡು ಕಡೆ, ಪಂಪಿನದಕ್ಕೆ ಎರಡು ಕಡೆ ಮುಟ್ಟಬೇಕು. ಅವಳು ಮೇಲೆ ದಾರದ ಒಂದು ತುದಿ ಹಿಡಿದುಕೊಂಡಿದ್ದಳು, ನಾನು ಬಾವಿಯೊಳಗೆ ಇನ್ನೊಂದು ತುದಿ. ಕೆಲಸ ಮುಗಿದ ಮೇಲೂ ನಾನು ಸ್ವಲ್ಪ ಹೊತ್ತು ದಾರ ಬಿಡಲಿಲ್ಲ.

ಇದು ಎಲ್ಲಿಗೂ ಹೋಗುವ ದಾರಿಯಲ್ಲ ಎಂದು ಗೊತ್ತಿರಲಿಲ್ಲವೇ ಎಂದರೆ ಗೊತ್ತಿತ್ತು. ಅವರು ಇಗರ್ಜಿಯವರು. ನಾವು ಉಚ್ಚಿಲದ ದೇವಸ್ಥಾನದ ಎದುರು ಹುಟ್ಟಿ ಬೆಳೆದವರು. ನನ್ನ ಅಮ್ಮ ವಿಷಯ ಕೇಳಿದರೆ ಊಟ ಬಿಡುತ್ತಿದ್ದಳು. ಜೋನ್ ಬಹರೈನಿನಿಂದ ವಿಮಾನ ಹತ್ತುತ್ತಿದ್ದ. ಇದೆಲ್ಲವನ್ನೂ ನಾನು ಕಾಪುವಿನಲ್ಲಿ ಕುಳಿತು ಯೋಚಿಸುತ್ತಿದ್ದೆ. ಇನ್ನಂಜೆಗೆ ಹೋಗುವ ತಿರುವಿನಲ್ಲಿ ಸೈಕಲ್ ತಿರುಗಿಸಿದ ಕೂಡಲೇ ಮರೆಯುತ್ತಿದ್ದೆ.

ಎರಡು ಸಾವಿರದ ಮಾರ್ಚಿನಲ್ಲಿ ನಾನು ಆ ಕೆಲಸ ಮಾಡಿದೆ.

ಪಂಪನ್ನು ಮೆಟ್ಟಿನ ಮೇಲೆ ಕೂರಿಸಿ ಬೋಲ್ಟು ಬಿಗಿಯುತ್ತಿದ್ದೆ. ಮೇಲಿಂದ ಝೀಟಾ, "ಇನ್ನು ಪತ್ತನಾಜೆಗೆ ಅಲ್ವಾ ನೀವು ಬರುವುದು?" ಎಂದಳು. ಸುಮ್ಮನೆ ಕೇಳಿದ್ದು. ಆ ಪ್ರಶ್ನೆಯಲ್ಲಿ ಎಪ್ಪತ್ತೈದು ದಿನ ಇತ್ತು. ನನ್ನ ಚೀಲದಲ್ಲಿ ಗ್ರೀಸ್ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ತಗಡಿನ ತುಂಡುಗಳಿದ್ದವು; ಮಟ್ಟ ಸರಿಯಿಲ್ಲದ ಕಡೆ ಪಂಪಿನ ಕಾಲಿನ ಅಡಿಗೆ ಕೊಡಲು ಎಲ್ಲ ಮೇಸ್ತ್ರಿಗಳೂ ಇಟ್ಟುಕೊಂಡಿರುತ್ತಾರೆ. ಆ ಪಂಪಿನ ಮಟ್ಟ ಸರಿಯಾಗಿಯೇ ಇತ್ತು. ನಾನು ಎರಡು ತುಂಡು ಜೋಡಿಸಿ ಒಂದು ಕಾಲಿನ ಅಡಿಗೆ ತೂರಿಸಿ ಬೋಲ್ಟು ಬಿಗಿದೆ.

ಅಷ್ಟು ಸಾಕು. ಪಂಪಿನ ಪುಲ್ಲಿ ಕಣ್ಣಿಗೆ ಕಾಣದಷ್ಟು ವಾಲುತ್ತದೆ. ಬೆಲ್ಟು ನಡುವಿನಲ್ಲಿ ಓಡುವುದನ್ನು ಬಿಟ್ಟು ದಿನಕ್ಕೊಂದು ಕೂದಲೆಳೆಯಷ್ಟು ಅಂಚಿನ ಕಡೆ ನಡೆಯುತ್ತದೆ. ಹತ್ತು ಹನ್ನೆರಡು ದಿನಕ್ಕೆ ಬೀಳುತ್ತದೆ. ನನ್ನ ಗುರುಗಳು ನೋಡಿದ್ದರೆ ಸ್ಪ್ಯಾನರಿನಿಂದ ನನ್ನ ಗೆಣ್ಣಿಗೆ ಹೊಡೆಯುತ್ತಿದ್ದರು. ಒಬ್ಬ ಮೇಸ್ತ್ರಿ ಮಾಡಬಹುದಾದ ಅತ್ಯಂತ ಕೀಳು ಕೆಲಸ ಅದು, ಮತ್ತು ಮಾಡಿ ಮೇಲೆ ಬರುವಾಗ ನನಗೆ ಹಬ್ಬದ ಹಿಂದಿನ ದಿನದ ಸಂತೋಷ ಇತ್ತು.

ಹನ್ನೊಂದನೆಯ ದಿನ ಅಂಗಡಿಯ ಪಕ್ಕದ ಬೂತಿಗೆ ಫೋನು ಬಂತು. ಬೆಲ್ಟು ಬಿದ್ದಿದೆ, ಬರಬೇಕಂತೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು, ತಲೆ ಬಾಚಿಕೊಂಡು ಹೋದೆ. ತಲೆ ಬಾಚಿಕೊಂಡು ಬಾವಿಗೆ ಇಳಿಯುವ ಮೇಸ್ತ್ರಿಯನ್ನು ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಬೆಲ್ಟು ಹಾಕಲು ಇಪ್ಪತ್ತು ನಿಮಿಷ, ಆಮೇಲೆ ಒಂದು ಗಂಟೆ ಜಗಲಿಯಲ್ಲಿ ಚಾ. ಝೀಟಾ ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟುತ್ತಾ ಮಾತಾಡುತ್ತಿದ್ದಳು. ಅವಳ ಬೆರಳು ನೋಡದೆಯೇ ಕಟ್ಟುತ್ತಿತ್ತು. ನಾನು ನೋಡುತ್ತಿದ್ದೆ.

ಹತ್ತು ದಿನ ಬಿಟ್ಟು ಮತ್ತೆ ಫೋನು. ಮತ್ತೆ ಹೋದೆ.

"ಇದು ಯಾಕೆ ಹೀಗೆ ಬೀಳ್ತಾ ಉಂಟು, ವಾಸು?" ಎಂದು ಸ್ಟ್ಯಾನಿಸ್ಲಾಸರು ಕೇಳಿದರು. "ಚೆನ್ನಪ್ಪನ ಕಾಲದಲ್ಲಿ ಒಂದು ಸಲವೂ ಬೀಳಲಿಲ್ಲ, ಮಾರಾಯ."

"ಬೆಲ್ಟು ಹಳತಾಯಿತು, ಹಿಗ್ಗಿದೆ," ಎಂದೆ.

ಸುಳ್ಳು ಹೇಳಿದ್ದು ಅಷ್ಟೇ ಆದರೆ ತಡೆದುಕೊಳ್ಳಬಹುದಿತ್ತು. ಆದರೆ ಅವರು ನಂಬಿ, ಮರುದಿನವೇ ಬಸ್ಸು ಹತ್ತಿ ಉಡುಪಿಗೆ ಹೋಗಿ, ಅಷ್ಟೇ ಉದ್ದದ ಹೊಸ ಬೆಲ್ಟಿನ ಸುರುಳಿಯನ್ನು ಎಪ್ಪತ್ತರ ಪ್ರಾಯದಲ್ಲಿ ಹೆಗಲ ಮೇಲೆ ಹೊತ್ತು ತಂದರು. ಹೊಸ ಬೆಲ್ಟನ್ನು ನಾನೇ ಜೋಡಿಸಿದೆ. ತಗಡು ತೆಗೆಯಲು ಅದೇ ಸಮಯ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಪಂಪಿನ ಕಾಲನ್ನು ನೋಡುತ್ತಾ ಕುಳಿತೆ. ಮೇಲೆ ಅವಳು ಅಪ್ಪನಿಗೆ ಕೊಂಕಣಿಯಲ್ಲಿ ಏನೋ ಹೇಳಿ ನಗುತ್ತಿದ್ದಳು. ತೆಗೆಯಲಿಲ್ಲ.

ಹೊಸ ಬೆಲ್ಟೂ ಬಿತ್ತು. ಆ ಸಲ ಹೋದಾಗ ಚಾ ಅರ್ಧಕ್ಕೇ ಬಿಟ್ಟೆ. ಬೆಲ್ಟು ಹೊತ್ತು ಕೆಂಪಾಗಿದ್ದ ಅವರ ಹೆಗಲು ಕಣ್ಣಿಗೆ ಕಟ್ಟಿತ್ತು. ಅಂದು ಹಿಂದಿರುಗುವಾಗ ನಿರ್ಧರಿಸಿದೆ: ಮುಂದಿನ ಸಲ ತಗಡು ತೆಗೆಯುವುದು, ಮತ್ತು ತೆಗೆದ ದಿನವೇ ಝೀಟಾಳನ್ನು ಕೇಳಿಬಿಡುವುದು. ನನ್ನನ್ನು ಮದುವೆಯಾಗುತ್ತೀರಾ ಎಂದು, ಕನ್ನಡದಲ್ಲಿಯೇ. ಇಗರ್ಜಿ, ದೇವಸ್ಥಾನ, ಅಮ್ಮ, ಜೋನ್, ಎಲ್ಲ ಆಮೇಲೆ. ಅವಳು ಇಲ್ಲ ಎಂದರೆ ಪತ್ತನಾಜೆಗೆ ಬೇರೆ ಮೇಸ್ತ್ರಿಯನ್ನು ಕಳಿಸುವುದು. ಈ ಹೌದು ಅಲ್ಲಗಳ ನಡುವೆ ವರ್ಷ ಕಳೆಯುವುದು ಇನ್ನು ನನ್ನಿಂದ ಆಗುತ್ತಿರಲಿಲ್ಲ.

ಆ ವಾರ ಕಾರ್ಕಳದ ಹತ್ತಿರ ಕುಕ್ಕುಂದೂರಿನ ಒಂದು ಕಲ್ಲುಕೋರೆಯಲ್ಲಿ ನೀರು ತುಂಬಿ ಕೆಲಸ ನಿಂತಿತ್ತು. ಕೋರೆಯವರು ಜೀಪು ಕಳಿಸಿದರು. ಎರಡು ದಿನದ ಕೆಲಸ ಎಂದು ಹೋದವನು ನಾಲ್ಕು ದಿನ ಸಿಕ್ಕಿಬಿದ್ದೆ. ಬೆಲ್ಟು ಬೀಳಲು ಇನ್ನೂ ವಾರ ಉಂಟು ಎಂಬುದು ನನ್ನ ಅಂದಾಜು. ಹೊಸ ಬೆಲ್ಟು ಹಳತಿಗಿಂತ ನುಣುಪು, ಬೇಗ ಜಾರುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ. ಇದೇ ತಪ್ಪನ್ನು ಬೇರೆ ಯಾರಾದರೂ ಮಾಡಿದ್ದರೆ ಅಂಗಡಿಯ ಮುಂದೆ ನಿಲ್ಲಿಸಿ ಮರ್ಯಾದೆ ತೆಗೆಯುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಕಾಪುವಿನಲ್ಲಿ ಬಸ್ಸಿಳಿದಾಗ ಬೂತಿನವನು ಕರೆದು ಹೇಳಿದ. ಮೊನ್ನೆ ಬೆಲ್ಟು ಬಿದ್ದಿತ್ತಂತೆ, ಫೋನು ಬಂದಿತ್ತು, ನೀನಿಲ್ಲ ಎಂದೆ. ನಿನ್ನೆ ಮುದುಕರು ತಾವೇ ಹಾಕುತ್ತೇನೆಂದು ಬಾವಿಗಿಳಿದರಂತೆ. ಮೆಟ್ಟಿನ ಮೇಲೆ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದಿದೆ, ಮಣಿಪಾಲದಲ್ಲಿದ್ದಾರೆ.

ಪಂಪನ್ನು ಮೇಲೆತ್ತಲು ನಾನು ಕಟ್ಟಿಟ್ಟಿದ್ದ ಮೂರು ಕಾಲಿನ ಕಂಬ, ಅದೇ ಹಗ್ಗ, ಅದೇ ರಾಟೆಯಲ್ಲಿ ಅಕ್ಕಪಕ್ಕದವರು ಅವರನ್ನು ಮೇಲೆ ತಂದಿದ್ದರು. ಇದನ್ನು ನನಗೆ ಹೇಳಿದ್ದು ಸ್ಟ್ಯಾನಿಸ್ಲಾಸರೇ, ಆಸ್ಪತ್ರೆಯ ಮಂಚದ ಮೇಲಿಂದ.

"ನಿನ್ನ ಗಂಟು ಗಟ್ಟಿ ಉಂಟು, ವಾಸು," ಎಂದರು. ಮುಖ ಬಿಳಿಚಿಕೊಂಡಿತ್ತು. "ನನ್ನದೇ ತಪ್ಪು ಮಾರಾಯ. ಝೀಟಾ ಹೇಳಿದ್ದಳು, ವಾಸು ಬರಲಿ, ಅಲ್ಲಿಯವರೆಗೆ ಕೊಡಪಾನದಲ್ಲಿ ಹಾಕುವ ಅಂತ. ಅವಳು ಹೂ ಕೊಡಲಿಕ್ಕೆ ಶಂಕರಪುರಕ್ಕೆ ಹೋಗಿದ್ದಳು. ಗಿಡ ಬಾಡಿದ್ದು ನೋಡಿ ನನಗೆ ಕೂತುಕೊಳ್ಳಲಿಕ್ಕೆ ಆಗಲಿಲ್ಲ. ನಿನ್ನ ಕೆಲಸಕ್ಕೆ ನಾನು ಕೈ ಹಾಕಬಾರದಿತ್ತು."

ಝೀಟಾ ಕಿಟಕಿಯ ಹತ್ತಿರ ನಿಂತಿದ್ದಳು. ನನ್ನ ಕಡೆ ತಿರುಗಲಿಲ್ಲ. ನನಗೆ ಅಲ್ಲಿಯೇ, ಆ ಮಂಚದ ಕಬ್ಬಿಣ ಹಿಡಿದುಕೊಂಡು, ಎಲ್ಲ ಹೇಳಿಬಿಡಬೇಕು ಎನಿಸಿತು. ಅಷ್ಟರಲ್ಲಿ ನರ್ಸು ಬಂದು ಹೊರಗೆ ಕಳಿಸಿದಳು.

ವಾರದೊಳಗೆ ಜೋನ್ ಬಂದ. ಒಳ್ಳೆಯ ಮನುಷ್ಯ. ನನ್ನ ಅಂಗಡಿಗೇ ಬಂದು ಕೈ ಕುಲುಕಿ, ಇಷ್ಟು ವರ್ಷ ನಮ್ಮ ಬಾವಿ ನೋಡಿಕೊಂಡಿರಿ, ಉಪಕಾರವಾಯಿತು ಎಂದ. ಇನ್ನು ಈ ಬೆಲ್ಟು, ಎಂಜಿನು ಯಾವುದೂ ಬೇಡ. ಬೋರ್‌ವೆಲ್ ತೆಗೆಸುತ್ತಿದ್ದೇನೆ, ಸಬ್‌ಮರ್ಸಿಬಲ್ ಹಾಕಿಸುತ್ತೇನೆ, ವೋಲ್ಟೇಜಿಗೆ ಸ್ಟೆಬಿಲೈಸರ್ ಇಟ್ಟರೆ ಆಯಿತು ಎಂದ. ಸರಿಯಾದ ಮಾತು. ಸಬ್‌ಮರ್ಸಿಬಲ್ ಪಂಪಿಗೆ ಬೆಲ್ಟಿಲ್ಲ, ಇಳಿಸುವುದಿಲ್ಲ, ಏರಿಸುವುದಿಲ್ಲ. ಅದು ನೀರಿನೊಳಗೇ ಕುಳಿತು ನೀರನ್ನು ಮೇಲೆ ನೂಕುತ್ತದೆ. ಹತ್ತು ವರ್ಷ ಯಾರೂ ಅದರ ಮುಖ ನೋಡಬೇಕಾಗಿಲ್ಲ. ಹೆಚ್ಚು ಸಲ ಹೋಗಬೇಕೆಂದು ಇಟ್ಟ ತಗಡು ನನ್ನನ್ನು ಆ ಮನೆಯಿಂದ ಪೂರ್ತಿಯಾಗಿ ಹೊರಗೆ ಹಾಕಿತು.

ಪತ್ತನಾಜೆಯ ಹಿಂದಿನ ದಿನ ಕೊನೆಯ ಸಲ ಹೋದೆ, ಹಳೆಯ ಪಂಪನ್ನು ಮೇಲೆತ್ತಲು. ಸ್ಟ್ಯಾನಿಸ್ಲಾಸರು ಒಳಗೆ ಮಲಗಿದ್ದರು, ಕಾಲಿಗೆ ರಾಡು ಹಾಕಿದ್ದರು. ಜೋನ್ ಬೋರ್‌ವೆಲ್ಲಿನವರನ್ನು ಕಾಣಲು ಹೋಗಿದ್ದ. ಝೀಟಾ ಎಂದಿನ ಜಾಗದಲ್ಲಿ, ಕಟ್ಟೆಯ ಹತ್ತಿರ ನಿಂತಳು. ನಾನು ಇಳಿದು ಬೋಲ್ಟು ಬಿಚ್ಚಿದೆ. ತಗಡು ಅಲ್ಲೇ ಇತ್ತು, ತುಕ್ಕು ಹಿಡಿದು ಕಂದಾಗಿತ್ತು. ಜೇಬಿಗೆ ಹಾಕಿಕೊಂಡರೂ ನೀರಿಗೆ ಎಸೆದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದೇ ಮೇಲೆ ಬಂದೆ. ಅವಳ ಮುಂದೆ ಕಟ್ಟೆಯ ಮೇಲೆ ಇಟ್ಟೆ.

"ಇದನ್ನು ನಾನೇ ಇಟ್ಟದ್ದು," ಎಂದೆ. "ಬೆಲ್ಟು ಹಳತಾಗಿರಲಿಲ್ಲ. ಇದರಿಂದಾಗಿ ಬೀಳುತ್ತಿತ್ತು. ಬಿದ್ದರೆ ನೀವು ಕರೆಯುತ್ತೀರಿ ಅಂತ."

ಅವಳು ತಗಡನ್ನು ನೋಡಿದಳು, ಮುಟ್ಟಲಿಲ್ಲ.

"ಗೊತ್ತುಂಟು," ಎಂದಳು.

ಅವಳು ಕಟ್ಟೆಯ ಮೇಲಿಂದ ಬಾವಿಯೊಳಗೆ ಬಗ್ಗಿ ನೋಡಿದಳು.

"ಎರಡನೆಯ ಸಲ ಬಿದ್ದಾಗ ನಾನು ಇಳಿದು ನೋಡಿದೆ. ದಾರ ಹಿಡಿಯುವುದು ನೀವೇ ಹೇಳಿಕೊಟ್ಟಿದ್ದಲ್ವಾ. ಮೇಲೆ ಕಲ್ಲಿಗೆ ಕಟ್ಟಿ ಕೆಳಗೆ ಹಿಡಿದೆ. ಮೂರು ಕಡೆ ಮುಟ್ಟಿತು, ನಾಲ್ಕನೆಯ ಕಡೆ ಮುಟ್ಟಲಿಲ್ಲ. ಆಮೇಲೆ ಕಾಲಿನ ಅಡಿ ನೋಡಿದೆ."

"ಹಾಗಾದರೆ ತೆಗೆಯಲಿಲ್ಲ ಯಾಕೆ?"

"ತೆಗೆದರೆ ಬೆಲ್ಟು ಬೀಳುವುದಿಲ್ಲ. ನನಗೆ ಬೆಲ್ಟು ಹಾಕಲಿಕ್ಕೂ ಬರ್ತದೆ. ನಾಲ್ಕು ಸಲವೂ ಹಾಕಬಹುದಿತ್ತು. ಹಾಕಲಿಲ್ಲ, ಫೋನು ಮಾಡಿದೆ. ಅಪ್ಪ ಹೊಸ ಬೆಲ್ಟು ತರಲಿಕ್ಕೆ ಹೊರಟಾಗಲೂ ಬಾಯಿ ಬಿಡಲಿಲ್ಲ."

ಮೂರು ವರ್ಷ ನಾನು ಯಾವುದನ್ನು ಕೇಳಬೇಕೆಂದು ಹಂಬಲಿಸಿದ್ದೆನೋ ಅದನ್ನು ಅವಳು ಹೇಳುತ್ತಿದ್ದಳು. ಅದು ಹೇಗಿರುತ್ತದೆ ಎಂದು ನಾನು ಅಂದುಕೊಂಡಿದ್ದೆನೋ ಹಾಗೆ ಇರಲಿಲ್ಲ. ಎದೆಯೊಳಗೆ ಸಂತೋಷ ಎದ್ದದ್ದು ನಿಜ, ಎದ್ದ ಜಾಗದಲ್ಲೇ ಅದಕ್ಕೆ ಉಸಿರು ಕಟ್ಟಿತು. ಒಳಗಿಂದ ಸ್ಟ್ಯಾನಿಸ್ಲಾಸರು ಮಗ್ಗುಲು ಬದಲಿಸಲು ನರಳಿದ್ದು ಕೇಳಿತು.

"ನಾನು ಅವರಿಗೆ ಹೇಳುತ್ತೇನೆ," ಎಂದೆ. "ಈಗಲೇ ಹೇಳುತ್ತೇನೆ. ಅವರು ತಮ್ಮದೇ ತಪ್ಪು ಎಂದುಕೊಂಡಿದ್ದಾರೆ."

"ಹೇಳಬೇಡಿ."

"ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ."

"ನಿಮ್ಮದು ಹೇಳಿದರೆ ನಾನು ನನ್ನದೂ ಹೇಳಬೇಕಾಗ್ತದೆ," ಎಂದಳು. "ನಿಮ್ಮನ್ನು ಅವರು ಮಾಫಿ ಮಾಡಿಯಾರು. ನೀವು ಮನೆಗೆ ಹೋಗ್ತೀರಿ. ನಾನು ದಿನಾ ಬೆಳಿಗ್ಗೆ ಅವರಿಗೆ ಚಾ ಕೊಡಬೇಕು."

ಆದರೂ ಹುಚ್ಚನ ಹಾಗೆ, ತುಟಿಯವರೆಗೆ ಬಂದಿದ್ದ ಇನ್ನೊಂದು ಮಾತನ್ನು ಆಡಲು ಹೊರಟೆ. "ಝೀಟಾ, ನಾನು ಬೇರೆ ಒಂದು ವಿಷಯ..."

"ಅದೂ ಬೇಡ," ಎಂದಳು. ಕಣ್ಣು ತುಂಬಿತ್ತು, ಸ್ವರ ಮಾತ್ರ ನೆಟ್ಟಗೆ ಇತ್ತು. "ಮಾರ್ಚಿನಲ್ಲಿ ಕೇಳಿದ್ದರೆ ಎಂತ ಹೇಳುತ್ತಿದ್ದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಪ್ಪ ಗೋಡೆ ಹಿಡಿದು ನಡೆಯುವುದನ್ನು ನಾವಿಬ್ಬರೂ ಒಟ್ಟಿಗೆ ಕೂತು ನೋಡುವುದು ನನ್ನಿಂದ ಆಗುವುದಿಲ್ಲ."

ಮಾರ್ಚಿನಲ್ಲಿ ಕೇಳಲು ಒಂದು ವಾಕ್ಯ ಸಾಕಿತ್ತು. ನನಗೆ ಪಂಪು, ಬೆಲ್ಟು, ಬೇರಿಂಗು, ಎಲ್ಲದರ ಬಗ್ಗೆ ಗಂಟೆಗಟ್ಟಲೆ ಮಾತಾಡಲು ಬರುತ್ತದೆ. ಆ ಒಂದು ವಾಕ್ಯ ಬರದೆ ತಗಡು ಇಟ್ಟೆ. ಅವಳಿಗೂ ಬರದೆ ತಗಡು ಬಿಟ್ಟಳು.

ಆ ದಿನ ಪಂಪನ್ನು ಮೇಲೆ ತಂದು ಕೊಟ್ಟಿಗೆಯಲ್ಲಿ ಇಟ್ಟೆ. ಬೆಲ್ಟನ್ನು ಸುರುಳಿ ಸುತ್ತಿ ಗೋಡೆಗೆ ತೂಗುಹಾಕಿದೆ. ಹೊರಡುವಾಗ ಸ್ಟ್ಯಾನಿಸ್ಲಾಸರು ಒಳಗಿಂದ ಕೂಗಿ, ಚಾ ಕುಡಿದು ಹೋಗು ಎಂದರು. ಕುಡಿದೆ.

ಆಮೇಲೆ ಇನ್ನಂಜೆಗೆ ಹೋಗಲು ನನಗೆ ಕಾರಣ ಉಳಿಯಲಿಲ್ಲ. ಅಮ್ಮ ಎರಡು ಮೂರು ಕಡೆ ಹೆಣ್ಣು ನೋಡಿಸಿದಳು. ನಾನು ಒಂದೊಂದಕ್ಕೂ ಒಂದೊಂದು ಕೊಂಕು ತೆಗೆದೆ. ಕಡೆಗೆ ಅವಳೇ ಸೋತು ಬಿಟ್ಟಳು. ಬೆಲ್ಟಿನ ಪಂಪುಗಳು ಒಂದೊಂದಾಗಿ ಗುಜರಿಗೆ ಹೋದವು. ಈಗ ನನ್ನ ಅಂಗಡಿಗೆ ಬರುವುದು ಬರೀ ಮೋಟರು, ಕಾಯಿಲು ಸುಟ್ಟವು. ಶಿವರಾತ್ರಿ ಕಳೆದ ಮೇಲಿನ ಸೆಖೆ ಸುರುವಾದಾಗ ಮಾತ್ರ ಕೈಗೆ ಏನೂ ಹತ್ತುವುದಿಲ್ಲ. ಸಣ್ಣ ಸಣ್ಣ ವಿಷಯಕ್ಕೆ ಜನರಿಗೆ ಬಯ್ಯುತ್ತೇನೆ. ಮಲ್ಲಿಗೆ ಮಾರುವವಳು ಅಂಗಡಿಯ ಮುಂದೆ ಕುಳಿತರೆ ಎಬ್ಬಿಸಿ ಆಚೆ ಕಳಿಸುತ್ತೇನೆ, ಮರುದಿನ ಅವಳು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತೇನೆ. ಅವಳಿಗೆ ನನ್ನ ತಲೆ ಸರಿಯಿಲ್ಲ ಎಂದು ಖಾತ್ರಿಯಾಗಿದೆ.

ಎರಡು ಸಾವಿರದ ಏಳರಲ್ಲಿ, ಜನವರಿ ಇರಬೇಕು, ಸ್ಟ್ಯಾನಿಸ್ಲಾಸರು ಅಂಗಡಿಯ ಮುಂದೆ ನಿಂತಿದ್ದರು. ಕೈಯಲ್ಲಿ ಕೋಲು. ಪಕ್ಕದಲ್ಲಿ ಝೀಟಾ. ಕಾಪುವಿನ ಡಾಕ್ಟರಿಗೆ ತೋರಿಸಿ ಬಸ್ಸಿಗೆ ಕಾಯುತ್ತಿದ್ದರಂತೆ, ಬಿಸಿಲೆಂದು ನನ್ನ ಮಾಡಿನ ಅಡಿಗೆ ಬಂದಿದ್ದರು. ಏಳು ವರ್ಷಗಳಲ್ಲಿ ನಾನು ಅವಳನ್ನು ದೂರದಿಂದ ಎರಡು ಸಲ ಕಂಡಿದ್ದೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮದುವೆಯಾಗಿರಲಿಲ್ಲ, ಅದು ನನಗೆ ಗೊತ್ತಿತ್ತು.

ನಾನು ಸ್ಟೂಲು ತಂದು ಕೊಟ್ಟೆ. ಮುದುಕರು ಕುಳಿತು ಅಂಗಡಿಯನ್ನೆಲ್ಲ ಕಣ್ಣಲ್ಲಿ ಅಳೆದರು. ಮೋಟರು ತಂದಿದ್ದ ಗಿರಾಕಿಯೊಬ್ಬ ಅಲ್ಲಿದ್ದ. ಅವನಿಗೆ ನನ್ನನ್ನು ಕೋಲಿನಿಂದ ತೋರಿಸಿ ಹೇಳಿದರು.

"ಇವನ ಹಾಗೆ ಬೆಲ್ಟು ಕೂರಿಸುವವರು ಈ ಸೀಮೆಯಲ್ಲಿ ಇಲ್ಲ. ನಾನು ಇವನಿಗೆ ಕಾಯಬೇಕಿತ್ತು. ಕಾಯದೆ ಇಳಿದೆ, ಕಾಲು ಹೋಯಿತು." ಆಮೇಲೆ ಮಗಳ ಕಡೆ ತಿರುಗಿದರು. "ನೀನು ಅಂದು ಹೇಳಿದ್ದೇ ಸರಿ, ಝೀಟಾ. ವಾಸು ಬರಲಿ ಅಂತ ಹೇಳಿದ್ದಿ. ನಾನು ಕೇಳಲಿಲ್ಲ."

ಝೀಟಾ ತಲೆ ಎತ್ತಿ ನನ್ನನ್ನು ನೋಡಿದಳು. ನಾನೂ ನೋಡಿದೆ. ಗಿರಾಕಿ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.

"ಬಸ್ಸು ಬಂತು," ಎಂದಳು ಅವಳು, ಕನ್ನಡದಲ್ಲಿ.

ಅವಳು ಅಪ್ಪನ ಎಡಗೈ ಹಿಡಿದು ಎಬ್ಬಿಸಿದಳು. ಬಸ್ಸಿನ ಮೆಟ್ಟಿಲು ಎತ್ತರ ಇತ್ತು, ಅವರ ಕಾಲು ಅಷ್ಟು ಮೇಲೆ ಏಳುತ್ತಿರಲಿಲ್ಲ. ನಾನು ಓಡಿಹೋಗಿ ಬಲಗೈ ಹಿಡಿದೆ. ಅವಳು ಬೇಡ ಎನ್ನಲಿಲ್ಲ. ಒಂದು ಮೆಟ್ಟಿಲು ಹತ್ತಿಸುವಷ್ಟು ಹೊತ್ತು ನಾವಿಬ್ಬರೂ ಅವರನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದೆವು. ಆಮೇಲೆ ಕಂಡಕ್ಟರು ಸೀಟಿ ಊದಿದ, ನಾನು ಕೈ ಬಿಟ್ಟೆ.